ನನ್ನನ್ನು ಬಿಟ್ಟುಕೊಟ್ಟವರು

ಸರ್ ಜೀಪು ಓಡಿಸುವಾಗ ಅವರ ಬಲಗೈ ಯಾವಾಗಲೂ ಹೊರಗಿರುತ್ತಿತ್ತು. ಅಂಗೈಯಿಂದ ಬಾಗಿಲಿನ ತಗಡಿಗೆ ಬಡಿಯುತ್ತ, ಮುಂದೆ ಓಡುತ್ತಿದ್ದ ನಮ್ಮ ಹೆಜ್ಜೆಗೆ ತಾಳ ಹಾಕುತ್ತಿದ್ದರು. ಬಡಿದು ಬಡಿದು ಆ ಜಾಗದ ಹಸಿರು ಬಣ್ಣ ಹೋಗಿ ಅಂಗೈಯಗಲ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಕಿರುಬೆರಳು ಮಾತ್ರ ತಗಡಿಗೆ ತಾಗುತ್ತಿರಲಿಲ್ಲ. ಅದು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅತ್ತಿಗುಂಡಿಯ ಏರಿನಲ್ಲಿ ಮಂಜು ಕವಿದು ಜೀಪೇ ಕಾಣದಿದ್ದಾಗಲೂ ಆ ಸದ್ದು ಬೆನ್ನ ಹಿಂದೆ ಇರುತ್ತಿತ್ತು. ನಮ್ಮ ಹೆಜ್ಜೆ ತಡವಾದರೆ ಅದು ತಡವಾಗುತ್ತಿರಲಿಲ್ಲ. ನಾವೇ ಓಡಿ ಆ ತಾಳ ಹಿಡಿಯಬೇಕಿತ್ತು.

ನಾನು ದೂರದ ಓಟಗಾರ್ತಿ. ಹತ್ತು ಸಾವಿರ ಮೀಟರ್ ಓಡುತ್ತಿದ್ದೆ, ಈಚೆಗೆ ಅರ್ಧ ಮ್ಯಾರಥಾನ್. ಓಡುವುದೇ ನನ್ನ ಕೆಲಸ, ಅದೇ ನನ್ನ ಅನ್ನ. ಈವರೆಗೆ ಮೂವರು ಕೋಚ್‌ಗಳ ಬಳಿ ಕಲಿತಿದ್ದೇನೆ. ಪತ್ರಿಕೆಯವರು ಬಂದರೆ ಮೊದಲಿನವರ ಬಗ್ಗೆಯೇ ಕೇಳುತ್ತಾರೆ. ಶಿಷ್ಯೆಯ ಏಳಿಗೆಗಾಗಿ ಅವಳನ್ನು ತಾವಾಗಿಯೇ ಬಿಟ್ಟುಕೊಟ್ಟ ಗುರು ಎಂಬ ಕಥೆ ನಾನು ಹೇಳುವ ಮೊದಲೇ ಅವರಿಗೆ ಗೊತ್ತಿರುತ್ತದೆ. ನಾನು ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಆ ಮೊದಲಿನವರೇ ಸರ್. ಅವರು ಈಗ ಇಲ್ಲ. ನನಗೆ ಗೊತ್ತಿದ್ದ ಸರ್ ಹೇಗಿದ್ದರೆಂದು ಬರೆದಿಡುತ್ತಿದ್ದೇನೆ.

ನನ್ನ ಅಬ್ಬ ಮೂಡಿಗೆರೆಯಲ್ಲಿ ಜೀಪ್ ಮೆಕ್ಯಾನಿಕ್. ಬಸ್ ನಿಲ್ದಾಣದಿಂದ ಕೆಳಗಿಳಿಯುವ ರಸ್ತೆಯಲ್ಲಿ ನಮ್ಮ ಗ್ಯಾರೇಜು, ಅದರ ಹಿಂದೆಯೇ ಮನೆ. ಸರ್ ಮೂಲತಃ ಮೂಡಿಗೆರೆ ಕಡೆಯವರಾದ್ದರಿಂದ, ಚಿಕ್ಕಮಗಳೂರಿನ ಆಚೆ ಗುಡ್ಡದ ಮೇಲಿನ ಅತ್ತಿಗುಂಡಿಯಲ್ಲಿ ವಾಸವಿದ್ದರೂ ಜೀಪು ಕೆಟ್ಟರೆ ಅಬ್ಬನ ಬಳಿಗೇ ತರುತ್ತಿದ್ದರು. ಅದು ಆಗಾಗ ಕೆಡುತ್ತಿತ್ತು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದ ಕಾಲ. ಒಂದು ದಿನ ಕ್ಲಚ್ ಪ್ಲೇಟ್ ಬದಲಿಸುವಾಗ ಅಬ್ಬ ನನ್ನನ್ನು ಮೇಲಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಂದು ಬೋಲ್ಟ್ ತರಲು ಕಳಿಸಿದರು. ಏರುರಸ್ತೆ. ಓಡಿ ಹೋಗಿ ಓಡಿ ಬಂದೆ. ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸರ್, "ಒಂದು ವಾಷರೂ ಬೇಕಾಗುತ್ತೆ, ತರ್ತೀಯಾ ಮಗಾ?" ಎಂದರು. ತಂದೆ. "ಇದಲ್ಲ, ಇದಕ್ಕಿಂತ ದೊಡ್ಡದು" ಎಂದರು. ಮತ್ತೆ ಹೋದೆ. ಬಂದಾಗ ಅವರು ವಾಷರ್ ಕಡೆ ನೋಡಲೇ ಇಲ್ಲ. ನಾನು ಏದುತ್ತಿದ್ದೇನೆಯೇ ಎಂದು ನೋಡುತ್ತಿದ್ದರು. ಆ ವಾಷರ್ ಜೀಪಿನ ಯಾವ ಭಾಗಕ್ಕೂ ಬೇಕಿರಲಿಲ್ಲವೆಂದು ಅಬ್ಬ ಆಮೇಲೆ ಹೇಳಿ ನಕ್ಕರು. ಸರ್ ಹಾಗೆಯೇ. ಯಾಕೆ ಮಾಡಿಸುತ್ತಿದ್ದೇನೆಂದು ಹೇಳದೆ ಮಾಡಿಸುವವರು. ಆಗ ನನಗೂ ನಗು ಬಂದಿತ್ತು.

ಮುಂದಿನ ಸಲ ಬಂದಾಗ ನೇರವಾಗಿ ಅಬ್ಬನನ್ನು ಕೇಳಿದರು.

"ಸಾಹೇಬ್ರೆ, ನಿಮ್ಮ ಮಗಳನ್ನ ನಂಗೆ ಕೊಡಿ. ಓಡಿಸ್ತೀನಿ."

ಅಬ್ಬ ಕೈಯ ಗ್ರೀಸು ಒರೆಸಿಕೊಳ್ಳತೊಡಗಿದರು. ಸರ್ ಅವರೇ ಮುಂದುವರಿಸಿದರು. "ಹೆಣ್ಮಕ್ಕಳು ಎಸ್ಟೇಟಿನ ಮೇಸ್ತ್ರಿ ಮನೇಲಿ ಮಲಗ್ತಾರೆ, ಅವ್ರ ಹೆಂಡ್ತಿ ನೋಡ್ಕೊಳ್ತಾರೆ. ಇನ್ನೊಂದು ಮಾತು. ವಾರಕ್ಕೊಂದ್ಸಲ ಎಲ್ಲರ ಕಾಲು ಮುಟ್ಟಿ ನೋಡ್ತೀನಿ ನಾನು. ಮೂಳೆ ನೋಡ್ಬೇಕಾಗುತ್ತೆ. ನಿಮ್ಮನೇಲಿ ಏನಂತಾರೋ."

"ಜೀಪಿನ ಕೆಳಗೆ ಮಲಗಿ ನೋಡ್ದೆ ಅದರ ರೋಗ ನಂಗೆ ಗೊತ್ತಾಗುತ್ತಾ?" ಎಂದರು ಅಬ್ಬ. "ನೋಡಿ. ನಿಮ್ಮ ಕೈಗೆ ಕೊಟ್ಟಿದೀನಿ."

ಅತ್ತಿಗುಂಡಿಯ ಒಂದು ಎಸ್ಟೇಟಿನ ಖಾಲಿ ಬಿದ್ದ ಕೂಲಿಯಾಳುಗಳ ಲೈನ್ ಮನೆಯಲ್ಲಿ ಎರಡು ಕೋಣೆಗಳನ್ನು ಅದರ ಮಾಲೀಕರು ಸರ್ ಅವರಿಗೆ ಬಿಟ್ಟಿದ್ದರು. ನಾವು ಆರು ಜನ, ನಾಲ್ವರು ಹುಡುಗರು, ಇಬ್ಬರು ಹುಡುಗಿಯರು. ಇನ್ನೊಬ್ಬಳು ಕಳಸದ ಕಡೆಯ ಪವಿತ್ರ. ಅವಳ ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. ನನಗಿಂತ ಒಂದು ವರ್ಷ ಮೊದಲೇ ಬಂದಿದ್ದಳು. ಏರಿನಲ್ಲಿ ಅವಳನ್ನು ನಾನು ಒಮ್ಮೆಯೂ ಹಿಂದೆ ಹಾಕಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದವಳು ಏರು ಶುರುವಾಗುತ್ತಿದ್ದಂತೆ ಒಂದು ಮಾತೂ ಆಡದೆ ಮುಂದೆ ಹೋಗಿಬಿಡುತ್ತಿದ್ದಳು. ಮೇಲೆ ಹೋಗಿ ನೋಡಿದರೆ ರಸ್ತೆಬದಿಯ ಕಲ್ಲಿನ ಮೇಲೆ ಕೂತು, "ಎಂತ ಮಾರಾಯ್ತಿ, ದಾರೀಲಿ ನೆಂಟ್ರು ಸಿಕ್ಕಿದ್ರಾ?" ಎನ್ನುತ್ತಿದ್ದಳು.

ಸರ್ ಸೈನ್ಯದಲ್ಲಿದ್ದಾಗ ಓಡುತ್ತಿದ್ದವರು. ಮೊಣಕಾಲು ಕೆಟ್ಟ ಮೇಲೆ ಬೇಗ ಬಿಟ್ಟು ಬಂದಿದ್ದರು. ಮದುವೆಯಾಗಿರಲಿಲ್ಲ. ಹಗಲು ಹೊತ್ತಿನಲ್ಲಿ ಆ ಎಸ್ಟೇಟಿನ ಸಣ್ಣಪುಟ್ಟ ಸಾಗಾಟಕ್ಕೆ ಜೀಪು ಓಡಿಸಿ ನಮ್ಮ ಆರು ಜನರ ಹೊಟ್ಟೆ ನೋಡಿಕೊಳ್ಳುತ್ತಿದ್ದರು. ಬೆಳಗಿನ ಗಂಜಿ, ಮೊಟ್ಟೆ ಅವರೇ ಬೇಯಿಸುತ್ತಿದ್ದರು. ನಾವೆಲ್ಲ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ನಿಂತೇ ತಿನ್ನುತ್ತಿದ್ದರು. ಸುಸ್ತು ಎಂಬ ಮಾತು ಅವರ ಮುಂದೆ ಆಡುವಂತಿರಲಿಲ್ಲ. ಯಾರಾದರೂ ಬಾಯಿ ತಪ್ಪಿ ಅಂದರೆ, "ಸುಸ್ತಾ? ಯಾರಿಗೆ?" ಎಂದು ಅತ್ತಿತ್ತ ನೋಡುತ್ತಿದ್ದರು, ಮನೆಗೆ ಬಂದವರು ಯಾರೋ ಹೊರಗೆ ನಿಂತಿದ್ದಾರೇನೋ ಎಂಬ ಹಾಗೆ. ವಾರದಲ್ಲೊಂದು ದಿನ ಜೀಪಿನಲ್ಲಿ ತುಂಬಿಕೊಂಡು ವಸ್ತಾರೆ ಕಡೆ ಇಳಿಸಿ, ಗದ್ದೆಬದಿಯ ಸಪಾಟು ರಸ್ತೆಯಲ್ಲಿ ವೇಗದ ಓಟ ಓಡಿಸುತ್ತಿದ್ದರು. "ಗುಡ್ಡದಲ್ಲಿ ಉಸಿರು ಗಳಿಸಿ, ಇಲ್ಲಿ ಖರ್ಚು ಮಾಡಿ" ಎನ್ನುತ್ತಿದ್ದರು.

ಭಾನುವಾರ ಮಧ್ಯಾಹ್ನ ಕಾಲು ನೋಡುವುದು. ಜಗಲಿಯಲ್ಲಿ ನಾವು ಸಾಲಾಗಿ ಕಾಲು ಚಾಚಿ ಕೂರಬೇಕು. ಸರ್ ಒಬ್ಬೊಬ್ಬರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತುತ್ತ ಮೊಣಕಾಲಿನಿಂದ ಪಾದದವರೆಗೆ ನಿಧಾನವಾಗಿ ಇಳಿಯುತ್ತಿದ್ದರು. ಕಣ್ಣು ಮಾತ್ರ ನಮ್ಮ ಮುಖದ ಮೇಲೆ. "ನಿಮ್ಮ ಬಾಯಿ ಸುಳ್ಳು ಹೇಳುತ್ತೆ, ಮುಖ ಹೇಳಲ್ಲ." ಒಮ್ಮೆ ನನ್ನ ಎಡಗಾಲಿನ ಮೇಲೆ ಅವರ ಹೆಬ್ಬೆರಳು ಒಂದು ಕಡೆ ನಿಂತಿತು. ನಾನು ತುಟಿ ಕಚ್ಚಿದ್ದೆ ಅಷ್ಟೇ. ಜಿಲ್ಲೆಯ ಸ್ಪರ್ಧೆ ಹತ್ತಿರದಲ್ಲಿತ್ತು. "ನೀನು ಓಡ್ತಿಲ್ಲ" ಎಂದರು. ನಾನು ಅತ್ತೆ. ಅಬ್ಬನಿಂದ ಫೋನ್ ಮಾಡಿಸಿದೆ. ಪವಿತ್ರಳಿಂದ ಹೇಳಿಸಿದೆ. ಅವರು ಜಗ್ಗಲಿಲ್ಲ. "ಸ್ಪರ್ಧೆ ಎಲ್ಲಿಗೂ ಹೋಗಲ್ಲ ಮಗಾ, ಬರೋ ವರ್ಷವೂ ಇರುತ್ತೆ. ಮೂಳೆ ಒಂದ್ಸಲ ಬಿರುಕು ಬಿಟ್ರೆ ಅದಕ್ಕೆ ನಾನು ಏನು ಉತ್ತರ ಕೊಡ್ಲಿ?" ಎಂದರು. ನೋವು ಪೂರ್ತಿ ಇಳಿಯುವವರೆಗೆ ನನ್ನನ್ನು ಓಡಲು ಬಿಡಲಿಲ್ಲ. ಜೀಪಿನಲ್ಲಿ ಅವರ ಪಕ್ಕ ಕೂತು, ಉಳಿದವರು ಓಡುವುದನ್ನು ನೋಡುತ್ತಿದ್ದೆ.

ಹಾಗೆ ಕೂತಿದ್ದಾಗಲೇ ಒಂದು ದಿನ ತಮ್ಮ ವಿಷಯ ಹೇಳಿದರು. ಸೈನ್ಯದ ತಂಡದಿಂದ ದೊಡ್ಡ ಕೂಟಕ್ಕೆ ಅವರು ಆಯ್ಕೆಯಾಗಿದ್ದರು. ಹಾಸಿಗೆಯ ಹೋಲ್ಡಾಲ್ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಹೋದಾಗ, ಅವರ ಜಾಗದಲ್ಲಿ ಇನ್ನೊಬ್ಬ ಬೋಗಿಯೊಳಗೆ ಕೂತಿದ್ದನಂತೆ. ತರಬೇತುದಾರರು ಬಾಗಿಲಲ್ಲೇ ನಿಂತು ನೀನು ವಾಪಸ್ ಹೋಗು ಎಂದರಂತೆ. "ಕಾರಣ ಕೇಳ್ಲಿಲ್ವಾ ಸರ್?" ಎಂದೆ. "ರೈಲು ಹೊರಟಿತ್ತಲ್ಲ" ಎಂದು ನಕ್ಕರು. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ ಎಂದು ಕೆಲವರು ನನಗೆ ಸಮಾಧಾನ ಹೇಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪ್ಲಾಟ್‌ಫಾರಂ ಮೇಲೆ ಬಿಟ್ಟು ಹೋದರೆ ಹೇಗಿರುತ್ತದೆಂದು ಗೊತ್ತಿದ್ದವರು ಅವರು.

ಮರುವರ್ಷ ರಾಜ್ಯ ಮಟ್ಟದ ಕೂಟ. ಪವಿತ್ರ ಗೆಲ್ಲಬಹುದೆಂದು ಸರ್ ಎಲ್ಲರಿಗೂ ಹೇಳಿಕೊಂಡಿದ್ದರು. ಹೊರಡುವ ಹೊತ್ತಿಗೆ ಅವಳಿಗೆ ಚಳಿಜ್ವರ ಬಂತು. ಮೇಸ್ತ್ರಿಯವರ ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವಳು, "ನಂದೂ ಸೇರ್ಸಿ ಓಡು" ಎಂದು ನನ್ನನ್ನು ಕಳಿಸಿದಳು. ಹತ್ತು ಸಾವಿರ ಮೀಟರ್‌ನಲ್ಲಿ ನಾನು ಗೆದ್ದೆ. ಬೆಂಗಳೂರಿನ ಹೊರವಲಯದಲ್ಲಿ ಒಂದು ಖಾಸಗಿ ಕಂಪನಿ ನಡೆಸುತ್ತಿದ್ದ ತರಬೇತಿ ಕೇಂದ್ರದ ಹೆಡ್ ಕೋಚ್ ಅಲ್ಲಿದ್ದರು. ಸಂಜೆ ನನ್ನನ್ನು ಕರೆಸಿ, ಸಂಬಳ, ವಸತಿ ಎಲ್ಲ ಕೊಡುತ್ತೇವೆ, ನಮ್ಮ ತಂಡಕ್ಕೆ ಬಾ ಎಂದರು. ಬರುವುದಿಲ್ಲ ಎಂದೆ. ಯಾಕೆಂದು ಕೇಳಿದರು. "ನಮ್ಮ ಸರ್ ಇದ್ದಾರೆ" ಎಂದೆ. ಅವರು ನಕ್ಕು ಬೆನ್ನು ತಟ್ಟಿ ಕಳಿಸಿದರು.

ಅದಾಗಿ ತಿಂಗಳು ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಸರ್ ನನ್ನನ್ನು ಜಗಲಿಗೆ ಕರೆದು ಕೂರಿಸಿದರು. ಬೆಲ್ಲದ ಕಾಫಿ ಮಾಡಿ ತಂದು ಕೈಗೆ ಕೊಟ್ಟರು.

"ಬೆಂಗಳೂರಿಗೆ ಹೋಗು ಮಗಾ."

"ನಾನು ಆಗ್ಲೇ ಬರಲ್ಲ ಅಂದಿದೀನಿ ಸರ್."

"ಅಲ್ಲಿ ಡಾಕ್ಟ್ರು ಇದಾರೆ. ಒಳ್ಳೆ ಟ್ರ್ಯಾಕ್ ಇದೆ. ನನ್ನ ಹತ್ರ ಏನಿದೆ? ಈ ಗುಡ್ಡ, ಆ ಜೀಪು."

"ನಂಗೆ ಅಷ್ಟು ಸಾಕು."

"ನಿಂಗೆ ಸಾಕು. ನಿನ್ನ ಕಾಲಿಗೆ ಸಾಲಲ್ಲ. ನಿಂಗೆ ಕೊಡೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ."

ಅವರ ಕಣ್ಣು ಒದ್ದೆಯಾಗಿತ್ತು. ಅದು ನಟನೆಯಲ್ಲವೆಂದು ಈಗಲೂ ನಂಬುತ್ತೇನೆ. ಅದಕ್ಕೇ ಅದನ್ನು ಮರೆಯುವುದು ನನಗೆ ಕಷ್ಟ. ನಾನು ಅವರ ಕಾಲು ಹಿಡಿದು ಅತ್ತೆ. ಅಬ್ಬನಿಗೆ ಹೇಳಿದಾಗ ಅವರು, "ಇಂಥ ಮನುಷ್ಯರು ಎಲ್ಲಿ ಸಿಗ್ತಾರೆ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದರು. ಮೂಡಿಗೆರೆಯಲ್ಲಿ ಒಂದು ಸಣ್ಣ ಸನ್ಮಾನವಾಯಿತು. ನನಗೊಂದು ಹಾರ, ಸರ್ ಅವರಿಗೆ ಶಾಲು. ತನ್ನ ಕೈಯಾರೆ ಬೆಳೆಸಿದ್ದನ್ನು ಬಿಟ್ಟುಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು ಎಂದು ಒಬ್ಬ ಮೇಷ್ಟರು ಭಾಷಣ ಮಾಡಿದರು. ಸರ್ ತಲೆ ತಗ್ಗಿಸಿ ಕೂತಿದ್ದರು. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಕೇಂದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಓಟಗಾರರಿದ್ದರು. ಬೇರೆ ಬೇರೆ ಊರು, ಬೇರೆ ಬೇರೆ ಭಾಷೆ. ಒಬ್ಬರು ಬಿದ್ದರೆ ಇನ್ನೊಬ್ಬರಿಗೆ ಜಾಗ ಸಿಗುವ ಲೆಕ್ಕದ ತಂಡ ಅದು. ಒಟ್ಟಿಗೆ ಓಡಿದರೂ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ನನಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಟ್ರ್ಯಾಕ್ ಬದಿಯಲ್ಲಿ, ಕೇಂದ್ರದ ನೀಲಿ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಕೊರಳಲ್ಲಿ ಸೀಟಿ ಇಳಿಬಿಟ್ಟುಕೊಂಡು ಸರ್ ನಿಂತಿದ್ದರು. ಸಹಾಯಕ ಕೋಚ್ ಆಗಿ ಬಂದಿದ್ದರು. ನನಗೆ ಆದ ಸಂತೋಷ ಹೇಳತೀರದು. ನನ್ನನ್ನು ಬಿಟ್ಟಿರಲಾರದೆ ಬಂದರು ಎಂದುಕೊಂಡೆ.

ಅಲ್ಲಿ ಸರ್ ಬೇರೆಯೇ ಆಗಿದ್ದರು. ಹೆಡ್ ಕೋಚ್ ಮಾತಾಡುವಾಗ ಕೈಕಟ್ಟಿ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಭಾನುವಾರ ಯಾರ ಕಾಲನ್ನೂ ನೋಡುತ್ತಿರಲಿಲ್ಲ. ಅದಕ್ಕೆ ಫಿಸಿಯೋ ಇದ್ದಾರೆ ಎನ್ನುತ್ತಿದ್ದರು. "ಪವಿತ್ರ ಅವರನ್ನೆಲ್ಲ ಯಾವಾಗ ಕರೆಸ್ತೀರಿ ಸರ್?" ಎಂದು ಕೇಳಿದರೆ, "ಕರೆಸೋಣ, ನೋಡೋಣ" ಎಂದು ಬೇರೆ ಕಡೆ ನೋಡುತ್ತಿದ್ದರು.

ಆ ಮಳೆಗಾಲದಲ್ಲಿ ನನ್ನ ಎಡಗಾಲು ಮತ್ತೆ ನೋಯತೊಡಗಿತು. ಮೊದಲು ಓಡುವಾಗ ಮಾತ್ರ, ಆಮೇಲೆ ನಡೆಯುವಾಗಲೂ. ಒಂದು ದಿನ ಕಠಿಣ ಅಭ್ಯಾಸದ ನಡುವೆ ನಿಂತುಬಿಟ್ಟೆ. ಫಿಸಿಯೋ ಆ ದಿನ ಇರಲಿಲ್ಲ. ಹೆಡ್ ಕೋಚ್ ಬಂದು ಏನೆಂದು ಕೇಳಿದರು.

"ಕಾಲು ನೋವು ಸರ್. ಆಗ್ತಿಲ್ಲ."

"ನೋವಿಲ್ಲದ ಓಟಗಾರರನ್ನ ನಾನು ಇನ್ನೂ ನೋಡಿಲ್ಲ. ಮುಗಿಸು."

ನಾನು ತಿರುಗಿ ಸರ್ ಅವರನ್ನು ನೋಡಿದೆ. ಅವರು ಎರಡು ಮಾರು ದೂರದಲ್ಲಿದ್ದರು. ಬಗ್ಗಿ ಒಂದು ಸಲ ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು. ಒತ್ತುವುದೂ ಬೇಕಿರಲಿಲ್ಲ, ನನ್ನ ಮುಖ ನೋಡಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. ಅವರು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡುತ್ತ ಹೇಳಿದರು:

"ಅವರು ಹೇಳಿದ ಹಾಗೆ ಮಾಡಿ."

ಮಾಡಿ. ಅಷ್ಟು ವರ್ಷಗಳಲ್ಲಿ ಅವರು ನನಗೆ ಬಹುವಚನ ಬಳಸಿದ್ದು ಅದೇ ಮೊದಲು. ಮಗಾ ಎನ್ನುತ್ತಿದ್ದ ಬಾಯಿ. ಆ ಒಂದು ಶಬ್ದದಲ್ಲಿ ಅವರು ನನ್ನನ್ನು ತಮ್ಮಿಂದ ಕಳಚಿ ಆಚೆ ಇಟ್ಟರು. ನಾನು ಓಡಿದೆ. ಕೊನೆಯ ಸುತ್ತಿನಲ್ಲಿ ಕಾಲಿನೊಳಗೆ ಏನೋ ಒಣಕಡ್ಡಿ ಮುರಿದಂತಾಯಿತು. ಮೂಳೆ ಬಿರುಕು ಬಿಟ್ಟಿತ್ತು.

ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಹೊರಡುವ ಮುನ್ನ ಹೆಡ್ ಕೋಚ್ ಕೋಣೆಗೆ ಹೋದೆ. ಅವರು ಒರಟರು, ಆದರೆ ಮುಚ್ಚಿಡುವವರಲ್ಲ. ಸರ್ ಗುಡ್ಡದ ಮೇಲೆ ಇದ್ದ ಹಾಗೇ ಇದ್ದಿದ್ದರೆ ನನ್ನನ್ನು ಆ ದಿನ ಓಡಿಸುತ್ತಿರಲಿಲ್ಲ ಎಂದೆ. ಅವರು ಆಶ್ಚರ್ಯದಿಂದ ನನ್ನನ್ನು ನೋಡಿದರು.

"ನಿಂಗೆ ಗೊತ್ತಿಲ್ವಾ? ನೀನು ಬರಲ್ಲ ಅಂದೆ. ಅವನನ್ನ ಕೇಳ್ದೆ. ನಂಗೊಂದು ಕೆಲ್ಸ ಕೊಟ್ರೆ ಕಳಿಸಿಕೊಡ್ತೀನಿ ಅಂದ. ಕೊಟ್ಟೆ. ಇದರಲ್ಲಿ ತಪ್ಪೇನಿದೆ?"

ಕುಂಟುತ್ತ ಹೊರಗೆ ಬಂದೆ. ಬಾಡಿಗೆ ಕಾರಿನಲ್ಲಿ ಬೇಲೂರು ದಾಟುವವರೆಗೂ ಜಗಲಿಯ ಆ ಕಾಫಿ, ಆ ಒದ್ದೆ ಕಣ್ಣು, ಶಾಲು ಹೊದ್ದು ತಗ್ಗಿಸಿದ ತಲೆ ಒಂದೊಂದಾಗಿ ನೆನಪಾಗುತ್ತಿದ್ದವು. ಪಕ್ಕದಲ್ಲಿ ಕೂತಿದ್ದ ಅಬ್ಬನಿಗೆ ಎಲ್ಲ ಹೇಳಿದೆ.

ನಾನು ಮಲಗಿದ್ದಾಗ ಪವಿತ್ರ ಕಳಸದಿಂದ ಬಸ್ಸಿನಲ್ಲಿ ಬಂದಳು. ಗುಡ್ಡದ ಮೇಲೆ ಏನಾಯಿತೆಂದು ಅವಳಿಂದಲೇ ಗೊತ್ತಾದದ್ದು. ಬೆಂಗಳೂರಿಗೆ ಹೋಗಿ ನಿಮಗೆಲ್ಲ ಶೂ ತರುತ್ತೇನೆ, ಅಲ್ಲಿಯವರೆಗೆ ಅಭ್ಯಾಸ ಬಿಡಬೇಡಿ ಎಂದು ಸರ್ ಆ ಐವರಿಗೆ ಹೇಳಿ ಹೋಗಿದ್ದರು. ಇವರು ಬಿಡಲಿಲ್ಲ. ತಾವೇ ಎದ್ದು, ತಾವೇ ಬೇಯಿಸಿಕೊಂಡು, ತಾವೇ ಓಡಿದರು. ಫೋನ್ ಮಾಡಿದರೆ ಸರ್ ಮೊದಮೊದಲು ಬರುತ್ತೇನೆ ಎನ್ನುತ್ತಿದ್ದರು. ಆಮೇಲೆ ಫೋನ್ ಎತ್ತಲಿಲ್ಲ. ಪ್ರವಾಸಿಗರಿಗೆ ಹೋಂಸ್ಟೇ ಮಾಡುತ್ತೇವೆ, ಕೋಣೆ ಬಿಟ್ಟುಕೊಡಿ ಎಂದು ಎಸ್ಟೇಟಿನವರು ಕೇಳಿದಾಗ ಎಲ್ಲರೂ ಬಟ್ಟೆ ಕಟ್ಟಿಕೊಂಡು ಹೊರಟರು. ಪವಿತ್ರ ಊರಲ್ಲಿ ಒಬ್ಬಳೇ ಸ್ವಲ್ಪ ಕಾಲ ಓಡಿದ್ದಳು. "ಒಬ್ಳೇ ಓಡಿದ್ರೆ ಎಲ್ರೂ ನಿಲ್ಸಿ ಎಂತಾಯ್ತು ಅಂತ ಕೇಳ್ತಾರೆ ಮಾರಾಯ್ತಿ," ಎಂದಳು. "ಉತ್ತರ ಕೊಟ್ಟು ಕೊಟ್ಟು ಸಾಕಾಯ್ತು." ಈಗ ಅವಳು ಕಳಸದ ಹತ್ತಿರ ಒಂದು ಹೋಂಸ್ಟೇಯಲ್ಲಿ ಅಡುಗೆ, ಕೋಣೆ ನೋಡಿಕೊಳ್ಳುತ್ತಾಳೆ.

ಸರ್ ಅವರ ನೌಕರಿಯೂ ಬಹಳ ದಿನ ಉಳಿಯಲಿಲ್ಲ. ನಾನಿಲ್ಲದ ಮೇಲೆ ಅವರಿಂದ ಆಗಬೇಕಾದದ್ದು ಅಲ್ಲಿ ಏನೂ ಇರಲಿಲ್ಲ. ಕಳಿಸಿಬಿಟ್ಟರು. ಅವರು ವಾಪಸ್ ಬಂದು ಜೀಪನ್ನೇ ನಂಬಿ ಬದುಕತೊಡಗಿದರು. ಅದರ ಗೇರು ಕೆಟ್ಟಾಗ ಗ್ಯಾರೇಜಿಗೆ ಬಂದರು. ನಾನು ಆಗಷ್ಟೇ ಪ್ಲಾಸ್ಟರ್ ತೆಗೆಸಿಕೊಂಡಿದ್ದೆ. ಮನೆಯ ಪರದೆಯ ಹಿಂದೆ ನಿಂತು ನೋಡಿದೆ. ಸೊರಗಿದ್ದರು. ಅಬ್ಬ ಬೇರೊಂದು ಜೀಪಿನ ಕೆಳಗಿನಿಂದ ಎದ್ದು ಬಂದರು.

"ಗೇರ್ ಸಿಕ್ಕಾಕ್ಕೊಳ್ತಿದೆ ಸಾಹೇಬ್ರೆ."

"ನನ್ನಿಂದ ಆಗಲ್ಲ. ಚಿಕ್ಕಮಗಳೂರಲ್ಲಿ ತೋರ್ಸಿ."

ಆಗಲ್ಲ ಎಂಬ ಮಾತನ್ನು ಅಬ್ಬ ಯಾವ ಜೀಪಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಜೀಪಿನ ಕಡೆ ತಿರುಗಿದ ಸರ್ ಮತ್ತೆ ಈಚೆ ನೋಡಿ ಕೇಳಿದರು.

"ಮಗು ಹೇಗಿದೆ?"

"ನಡೀತಾಳೆ" ಎಂದರು ಅಬ್ಬ. ಅಷ್ಟು ಹೇಳಿ ಮತ್ತೆ ಜೀಪಿನ ಕೆಳಗೆ ಹೋದರು.

ನಾನು ಮತ್ತೆ ಓಡಲು ಒಂದು ವರ್ಷದ ಮೇಲೆ ಹಿಡಿಯಿತು. ಮೈಸೂರಿನಲ್ಲಿ ಸಣ್ಣ ತಂಡವೊಂದನ್ನು ನಡೆಸುವ ಮಹಿಳಾ ಕೋಚ್ ಒಬ್ಬರು ನನ್ನನ್ನು ಸೇರಿಸಿಕೊಂಡರು. "ಹಿಂದಿನವರ ವಿಷಯ ನಾನು ಕೇಳಲ್ಲ, ಕಾಲಿನ ವಿಷಯ ಮಾತ್ರ ಹೇಳು" ಎಂದರು ಮೊದಲ ದಿನ. ಒಳ್ಳೆಯವರು. ಹೇಳಿದ್ದನ್ನೆಲ್ಲ ಮಾಡುತ್ತೇನೆ. ಆದರೆ ಯಾರ ಮಾತನ್ನೂ ಪೂರ್ತಿ ನಂಬುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಅವರು ವಿಶ್ರಾಂತಿ ತಗೋ ಎಂದರೂ, ಇದರ ಹಿಂದೆ ಏನಿದೆಯೋ ಎಂದು ಒಂದು ಕ್ಷಣ ಮನಸ್ಸು ಹುಡುಕುತ್ತದೆ. ಅವರಿಗೆ ಅದು ತಿಳಿದಿದೆ. ತಿಳಿದೂ ಸುಮ್ಮನಿದ್ದಾರೆ.

ಒಮ್ಮೆ ರಜೆಗೆ ಬಂದಾಗ ಹಳೆಯ ಏರು ಹುಡುಕಿಕೊಂಡು ಹೋಗಿ ಅತ್ತಿಗುಂಡಿಯ ರಸ್ತೆಯಲ್ಲಿ ಓಡುತ್ತಿದ್ದೆ. ಹಿಂದಿನಿಂದ ಬಂದ ಜೀಪೊಂದು ನಿಧಾನವಾಗಿ ಪಕ್ಕದಲ್ಲಿ ನಿಂತಿತು. ಸರ್. ಹಿಂದೆ ಪ್ರವಾಸಿಗರು ತುಂಬಿದ್ದರು. "ಇವಳು ನನ್ನ ಶಿಷ್ಯೆ" ಎಂದು ಅವರಿಗೆ ನನ್ನ ಪರಿಚಯ ಮಾಡಿಸಿದರು. ಅವರೆಲ್ಲ ಇಳಿದು ಮೊಬೈಲಿನಲ್ಲಿ ನನ್ನ ಜತೆ ಫೋಟೋ ತೆಗೆಸಿಕೊಂಡರು. ಬೆವರು ಒರೆಸಿಕೊಂಡು ನಿಂತೆ. ಅವರು ಗುಡ್ಡದ ಫೋಟೋ ತೆಗೆಯಲು ಆಚೆ ಹೋದಾಗ ಸರ್ ನನ್ನ ಕಾಲು ನೋಡುತ್ತ, "ಎಡಗಾಲು ಸ್ವಲ್ಪ ಹೊರಗೆ ಬೀಳ್ತಿದೆ" ಎಂದರು.

ಅಷ್ಟು ದಿನ ಮನಸ್ಸಿನಲ್ಲೇ ಆಡಿಕೊಂಡಿದ್ದ ಮಾತುಗಳಲ್ಲಿ ಒಂದೇ ಹೊರಗೆ ಬಂತು. "ನಂಗೆ ಒಂದು ಮಾತು ಹೇಳಬಹುದಿತ್ತಲ್ಲ ಸರ್. ಕೆಲಸ ಬೇಕಿತ್ತು ಅಂತ."

ಅವರು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂತರು. "ಹೇಳಿದ್ರೆ ನೀನು ಹ್ಞೂಂ ಅಂತಿದ್ದೆ ಮಗಾ."

"ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ನನ್ನ ಹೊಟ್ಟೆಪಾಡಿಗೆ ನಿನ್ನ ಮುಂದೆ ಕೈಚಾಚಿ ನಿಲ್ಲೋದು ನನ್ನಿಂದ ಆಗ್ಲಿಲ್ಲ."

ನನ್ನನ್ನು ಕೊಟ್ಟುಬಿಡುವುದು ಆಯಿತು, ಕೇಳುವುದು ಆಗಲಿಲ್ಲ. ಹೀಗೂ ಒಂದು ಅಭಿಮಾನ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದನ್ನಾದರೂ ಒಪ್ಪಿಕೊಳ್ಳುತ್ತಿದ್ದೆನೋ ಏನೋ. "ಆ ದಿನ ಟ್ರ್ಯಾಕಿನಲ್ಲಿ? ನನ್ನ ಕಾಲು ನಿಮಗೆ ಗೊತ್ತಿತ್ತಲ್ಲ" ಎಂದೆ.

ಅವರ ಅಂಗೈ ಬಾಗಿಲಿನ ಬೆಳ್ಳಗಾದ ತಗಡಿನ ಮೇಲೆ ಹೋಗಿ ನಿಂತಿತು. ಪ್ರವಾಸಿಗರು ನಗುತ್ತ ಬಂದು ಜೀಪು ಹತ್ತಿದರು. "ಹೋಗಿ ಬರ್ತೀನಿ" ಎಂದರು ಸರ್. ನಾನು ತಿರುಗಿ ಇಳಿಜಾರಿನ ಕಡೆ ಓಡಿದೆ. ಅವರು ಏರಿನ ಕಡೆ ಹೋದರು. ಅದೇ ಕೊನೆ.

ಕಳೆದ ಮಳೆಗಾಲ ಮುಗಿದ ಮೇಲೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಹೃದಯದ ತೊಂದರೆಯಿಂದ ಸರ್ ತೀರಿಕೊಂಡರು. ಅಬ್ಬ ಫೋನ್ ಮಾಡಿ ಹೇಳಿದರು. ಮಣ್ಣಿಗೆ ಅಬ್ಬ ಹೋಗಿದ್ದರು. ನಾನು ಹೋಗಲಿಲ್ಲ. ಸ್ವಲ್ಪ ದಿನದ ಮೇಲೆ ಮೂಡಿಗೆರೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟು ನನ್ನನ್ನು ಕರೆದರು. ಇಲ್ಲವೆನ್ನಲಾಗಲಿಲ್ಲ. ಹಾರ ಹಾಕಿದ ಫೋಟೋದಲ್ಲಿ ಸರ್ ನೀಲಿ ಟ್ರ್ಯಾಕ್‌ಸೂಟಿನಲ್ಲಿದ್ದರು. ಒಬ್ಬರಾದ ಮೇಲೆ ಒಬ್ಬರು ತ್ಯಾಗದ ಮಾತಾಡಿದರು. ಮೂರನೆಯ ಸಾಲಿನಲ್ಲಿ ಪವಿತ್ರ ಕೂತಿದ್ದಳು. ಮಡಿಲಲ್ಲಿ ಚೀಲ, ಅದರ ಮೇಲೆ ಎರಡೂ ಕೈ. ನನ್ನ ಸರದಿ ಬಂದಾಗ ಎದ್ದು ನಿಂತೆ.

"ಓಡುವುದನ್ನು ನನಗೆ ಕಲಿಸಿದವರು ಸರ್" ಎಂದೆ. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ನನ್ನ ಮಾತು ನಿಂತದ್ದು ದುಃಖಕ್ಕೆಂದು ತಿಳಿದು ಯಾರೋ ನೀರಿನ ಬಾಟಲಿ ಮುಂದೆ ಮಾಡಿದರು.

ಸಭೆ ಮುಗಿದ ಮೇಲೆ ಪವಿತ್ರಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ಕಳಸದ ಬಸ್ಸು ಇನ್ನೂ ಬಂದಿರಲಿಲ್ಲ. ಮಳೆ ಹೋಗಿ ಬಿಸಿಲು ಬಿದ್ದಿತ್ತು. ಬೆಂಚಿನ ಮೇಲೆ ಕೂತೆವು.

"ಎಲ್ರೂ ಬಿಟ್ಟುಕೊಟ್ರು, ಬಿಟ್ಟುಕೊಟ್ರು ಅಂತಿದ್ರು," ಎಂದೆ. "ನನ್ನನ್ನ ಮಾರಿದ್ರು ಪವಿತ್ರ. ಒಂದು ನೌಕರಿಗೆ."

ಅವಳು ಚೀಲದ ಜಿಪ್ಪನ್ನು ಎಳೆದು ಮುಚ್ಚಿದಳು.

"ಹೌದು, ಮಾರಿದ್ರು. ನಿಂಗೆ ಒಂದು ಬೆಲೆ ಇತ್ತು, ಮಾರಿದ್ರು. ನಾವು ಐದು ಜನ ದಿನಾ ಬೆಳಗ್ಗೆ ರಸ್ತೆ ನೋಡ್ತಾ ಕೂತಿದ್ವಿ. ನನ್ನನ್ನೂ ಯಾರಿಗಾದ್ರೂ ಮಾರಿದ್ರೆ ಇವತ್ತು ನಾನೂ ಓಡ್ತಿದ್ದೆ ಮಾರಾಯ್ತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೋಂಸ್ಟೇಗೆ ಬಂದವರಿಗೆ ಊಟ ಆಗಿದೆ ಎಂದು ಹೇಳುವಾಗಿನ ದನಿ ಅದು. ನಾನು ಅವಳ ಮುಖ ನೋಡಿದೆ. ಇಷ್ಟು ವರ್ಷ ನನಗಾದದ್ದೇ ದೊಡ್ಡದೆಂದು ಎದೆಯಲ್ಲಿಟ್ಟುಕೊಂಡು ಬಂದಿದ್ದೆ. ಅವಳ ಪಕ್ಕದಲ್ಲಿ ಕೂತು ಅದನ್ನು ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ.

ಬಸ್ಸು ಬಂತು. ಜನ ನುಗ್ಗಿದರು. ಅವಳಿಗೆ ಸೀಟು ಸಿಗಲಿಲ್ಲ. ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಳು. "ರಾತ್ರಿ ಹನ್ನೆರಡು ಜನ ಗೆಸ್ಟ್ ಇದಾರೆ, ಹೋಗಿ ರೊಟ್ಟಿ ತಟ್ಟಬೇಕು" ಎಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಕೊಟ್ಟಿಗೆಹಾರದ ಕಡೆ ತಿರುಗಿತು. ತಿರುವಿನಲ್ಲಿ ಕಾಣದಾಗುವವರೆಗೂ ಅವಳು ನನ್ನ ಮುಖ ನೋಡಲಿಲ್ಲ, ನನ್ನ ಕಾಲುಗಳನ್ನೇ ನೋಡುತ್ತಿದ್ದಳು.